ಕಥೆ ಹೇಳಲ್ಲ, ನೋಡ್ಲೇಬೇಕು!

ಯಲಹಂಕ ಉಪನಗರದ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಶುಕ್ರವಾರ ಮೊದಲ ಆಟ ನೋಡಿಕೊಂಡು ಬಂದು, ಶನಿವಾರ ಬೆಳಿಗ್ಗೆ ಅಲ್ಲಾಳಸಂದ್ರ ಕೆರೆ ಏರಿಯ ಮೇಲೆ ನಿಮ್ಮನ್ನು ಹಿಡಿಯುತ್ತಾರೆ. ಒಂದು ಸುತ್ತು ಮುಗಿಯುವ ತನಕ ಬಿಡುಗಡೆಯಿಲ್ಲ. "ಕಥೆ ಹೇಳಲ್ಲಪ್ಪಾ, ನೀವು ನೋಡ್ಲೇಬೇಕು" ಎಂದು ಶುರು ಮಾಡುತ್ತಾರೆ. ಇಷ್ಟು ಕೇಳಿದಿರೋ, ಕೊಲೆ ಮಾಡಿದವನು ಯಾರೆಂದು ಗೇಟು ದಾಟುವುದರೊಳಗೆ ನಿಮಗೆ ಗೊತ್ತಾಗಿರುತ್ತದೆ.

ನನ್ನ ಪಾಲಿಗೆ ಬಂದವರು ಮೂರನೇ ಮಹಡಿಯ ರಾಯರು. ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ತಪಾಸಣೆ ಕೆಲಸ ಮಾಡಿ ನಿವೃತ್ತರಾದವರು. ಎರಕ ಹೊಯ್ದ ಗಾಲಿಯಲ್ಲಿ ಕಣ್ಣಿಗೆ ಬೀಳದ ಬಿರುಕು ಹುಡುಕಿ ಹುಡುಕಿ ಸವೆದ ಕಣ್ಣು. ಈಗ ಅದಕ್ಕೆ ಚಿತ್ರಕಥೆ ಸಿಕ್ಕಿದೆ. "ಫಸ್ಟ್ ಹಾಫ್ ಸ್ವಲ್ಪ ಲ್ಯಾಗು" ಎಂದರೆ ಅವರು ಹತ್ತು ನಿಮಿಷ ನಿದ್ದೆ ಮಾಡಿದ್ದಾರೆ. "ಸೆಕೆಂಡ್ ಹಾಫ್ ಬೆಂಕಿ" ಎಂದರೆ ಎಚ್ಚರವಾಗಿದೆ. "ಒನ್ ಟೈಮ್ ವಾಚ್" ಎಂದವರು ಅದೇ ಚಿತ್ರಕ್ಕೆ ಎರಡು ಸಲ ಹೋಗಿರುತ್ತಾರೆ. ಎಲ್ಲದರ ಕೊನೆಗೆ ಒಂದು ನಿಟ್ಟುಸಿರು: "ಮಲಯಾಳಂನೋರನ್ನ ನೋಡಿ ಕಲೀಬೇಕು ಕಣ್ರೀ." ಮಲಯಾಳಂ ಚಿತ್ರ ನೋಡಿ ಬಂದ ದಿನ ಮಾತ್ರ ನಮ್ಮವರ ಮೇಲೆ ಅಭಿಮಾನ ಉಕ್ಕುತ್ತದೆ. 2022ರಲ್ಲಿ 'ಕಾಂತಾರ' ನೋಡಿ ಬಂದ ರಾತ್ರಿ ಮೆಟ್ಟಿಲ ಮೇಲೆ ನಿಂತು ಒಮ್ಮೆ "ಓ..." ಎಂದು ಕೂಗಿದ್ದಕ್ಕೆ ಕಾವಲುಗಾರ ಓಡಿ ಬಂದಿದ್ದ, ಜತೆಗೆ ನೆಲಮಹಡಿಯ ನಾಯಿಯೂ.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು 'ಸಪ್ತ ಸಾಗರದಾಚೆ ಎಲ್ಲೋ' ಪ್ರಕರಣ. ನಿರ್ದೇಶಕ ಹೇಮಂತ್ ರಾವ್ ಆ ಕಥೆಯನ್ನು ಎರಡು ತುಂಡು ಮಾಡಿ, ಸೈಡ್ ಎ ಅನ್ನು 2023ರ ಸೆಪ್ಟೆಂಬರ್ 1ಕ್ಕೆ ಬಿಟ್ಟರು. ಸೈಡ್ ಬಿ ಬಂದದ್ದು ನವೆಂಬರ್ 17ಕ್ಕೆ. ನಡುವೆ ಹನ್ನೊಂದು ವಾರ. ಕೊನೆ ಏನೆಂದು ರಾಯರಿಗೇ ಗೊತ್ತಿಲ್ಲ! ಕೊನೆ ಹೇಳದೆ ಕೆರೆ ಸುತ್ತುವುದು ಅವರಿಂದಾಗುವ ಮಾತೇ? ಮೊದಲ ವಾರ ಮಂಕಾಗಿದ್ದರು. ಎರಡನೇ ವಾರ ತಾವೇ ಒಂದು ಕೊನೆ ಕಟ್ಟಿದರು. ನಾಯಕ ಮನು ಜೈಲಿನಿಂದ ಬಿಡುಗಡೆಯಾಗುತ್ತಾನೆ, ಸೀದಾ ಸಮುದ್ರದ ಕಡೆ ಹೋಗುತ್ತಾನೆ, ಅಲ್ಲಿ ನಾಯಕಿ ಪ್ರಿಯಾ ಕಾದಿರುತ್ತಾಳೆ, ಇಬ್ಬರೂ ದಂಡೆಯಲ್ಲೊಂದು ಸಣ್ಣ ಕ್ಯಾಂಟೀನು ಇಡುತ್ತಾರೆ. "ನೀರುದೋಸೆ ಕ್ಯಾಂಟೀನು" ಎಂದು ಮೂರನೇ ವಾರ ತಿದ್ದುಪಡಿಯಾಯಿತು. ಹಾಲಿನ ಬೂತಿನವನಿಗೆ ಹೇಳಿದರು, ಇಸ್ತ್ರಿಯವನಿಗೆ ಹೇಳಿದರು. ಇಸ್ತ್ರಿಯವನ ಹೆಂಡತಿ ಕಣ್ಣೊರೆಸಿಕೊಂಡಳು. ನವೆಂಬರಿನಲ್ಲಿ ನಿಜವಾದ ಸೈಡ್ ಬಿ ನೋಡಿ ಬಂದರಲ್ಲ, ಆ ಮುಖ ನೋಡಬೇಕಿತ್ತು. "ಹಾಳು ಮಾಡ್‌ಬಿಟ್ಟ ಕಣ್ರೀ ಡೈರೆಕ್ಟ್ರು. ಎಷ್ಟು ಚೆನ್ನಾಗಿತ್ತು ಕಥೆ!" ಕಥೆ ಚೆನ್ನಾಗಿತ್ತು ಎಂಬುದನ್ನು ನಾನೂ ಒಪ್ಪುತ್ತೇನೆ. ಆ ಕ್ಯಾಂಟೀನು ಇಲ್ಲವಲ್ಲ ಎಂದು ನನಗೂ ಕೊಂಚ ಬೇಸರವಾಗಿತ್ತು, ಹೇಳಲಿಲ್ಲ ಅಷ್ಟೆ.

ಇಂಥವರನ್ನು ಬೈಯುವ ಮುಂಚೆ ಒಂದು ಲೆಕ್ಕ ನೋಡಬೇಕು. ಜೆ.ಪಿ. ತುಮಿನಾಡು ಅವರ 'ಸು ಫ್ರಮ್ ಸೋ' 2025ರ ಜುಲೈ 25ರಂದು ಬಂದಾಗ ಅದರಲ್ಲಿ ಕಟೌಟು ನಿಲ್ಲಿಸುವಂಥ ನಾಯಕ ಯಾರೂ ಇರಲಿಲ್ಲ. ಬಾಯಿಂದ ಬಾಯಿಗೆ ಹಬ್ಬಿಯೇ ಗೆದ್ದಿತು. ಆ ಬಾಯಿಗಳಲ್ಲಿ ಒಂದು ನಮ್ಮ ಮೂರನೇ ಮಹಡಿಯದು. ತಾವು ನೋಡಿದ್ದು ಸಾಲದೆ ನನ್ನನ್ನೂ ನನ್ನ ಹೆಂಡತಿಯನ್ನೂ ಕಾರಿಗೆ ಹತ್ತಿಸಿಕೊಂಡು ಬ್ಯಾಟರಾಯನಪುರದ ಮಾಲಿಗೆ ಕರೆದೊಯ್ದರು. ರಾಯರ ಹೆಂಡತಿಯ ವ್ಯಾನಿಟಿ ಬ್ಯಾಗಿನಲ್ಲಿ ಹುರಿದ ಕಡಲೆಕಾಯಿ ಇತ್ತು. ಒಳಗೆ ಕೂತ ಮೇಲೆ ನನ್ನ ಎಡಗಡೆ ಪಕ್ಕೆಗೆ ಕೆಲಸ ಹತ್ತಿತು: ಪ್ರತಿ ನಗೆಮಾತಿಗೂ ಒಂದು ಕ್ಷಣ ಮೊದಲು ರಾಯರ ಮೊಣಕೈ ತಿವಿಯುತ್ತದೆ. ತೆರೆಯ ಮೇಲೆ ಭಾವನ ಪಾತ್ರ ಕಾಣಿಸಿಕೊಳ್ಳುವ ಮೊದಲೇ ಇವರು ನಕ್ಕಾಗಿರುತ್ತದೆ. ಮುಂದಿನ ಸಾಲಿನವರು ತಿರುಗಿ ನೋಡುತ್ತಾರೆ. ಇಂಟರ್ವಲ್ಲಿನ ಹೊತ್ತಿಗೆ ರೋಸಿಹೋಗಿ ಏನೋ ಹೇಳಲೆಂದು ತಿರುಗಿದರೆ, ಅವರು ತೆರೆ ನೋಡುತ್ತಲೇ ಇಲ್ಲ. ನನ್ನ ಮುಖ ನೋಡುತ್ತಿದ್ದಾರೆ. ಅದರಾಚೆ ನನ್ನ ಹೆಂಡತಿಯ ಮುಖ. ಟಿಕೇಟು ಕೊಂಡದ್ದು ಅದಕ್ಕೆ.

ಮೊದಲು ರಾಯರು ಆರ್.ಟಿ. ನಗರದಲ್ಲಿದ್ದವರು. ಅಲ್ಲಿಂದ ಗೆಳೆಯರೊಂದಿಗೆ ಸೆಕೆಂಡ್ ಶೋಗೆ ಕಾವೇರಿ ಟಾಕೀಸಿಗೆ ಹೋಗುತ್ತಿದ್ದರಂತೆ. ಅದು 1974ರಲ್ಲಿ ರಾಜಕುಮಾರ್ ಅವರ 'ಬಂಗಾರದ ಪಂಜರ'ದಿಂದ ಶುರುವಾಗಿ 2024ರಲ್ಲಿ ಮುಚ್ಚಿತು. ಆಟ ಬಿಟ್ಟ ಮೇಲೆ ಬಸ್ಸಿರುತ್ತಿರಲಿಲ್ಲ. ಮೇಖ್ರಿ ಸರ್ಕಲ್ ದಾಟಿ ಮನೆ ತಲುಪುವವರೆಗೂ ಜಗಳವಾಡುತ್ತ ನಡೆಯಬೇಕು. ಎಲ್ಲರೂ ನೋಡಿದವರೇ, ಯಾರಿಗೆ ಏನು ಹೇಳಿದರೂ ಗುಟ್ಟು ಕೆಡುವಂತಿರಲಿಲ್ಲ. ಈಗ ಆಟ ಬಿಟ್ಟರೆ ಎಸ್ಕಲೇಟರು ಇಳಿದು, ಪಾರ್ಕಿಂಗ್ ಚೀಟಿಗೆ ದುಡ್ಡು ಕಟ್ಟಿ, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಅವರವರ ಗಾಜು ಏರಿಸಿ ಕೂರುತ್ತೇವೆ. ಹೇಳಿಕೊಳ್ಳಬೇಕೆಂದರೆ ಸಿಗುವವರು ಇನ್ನೂ ನೋಡದವರು, ಅಂದರೆ ನಾವು.

ಇಷ್ಟು ಯೋಚಿಸಿ ನಾನು ಮೆತ್ತಗಾಗಿದ್ದೆ. ಅಷ್ಟರಲ್ಲಿ ರಾಯರ ಹೆಂಡತಿ ಒಂದು ಸಂಗತಿ ಹೇಳಿದರು. ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿಯ ಅವಳ ಊರಿನಲ್ಲಿ ಕನ್ನಡ ಚಿತ್ರ ಬಿಡುಗಡೆಯಾಗುವುದು ಅಪರೂಪ. ಒಟಿಟಿಗೆ ಬರುವ ತನಕ ಕಾಯಬೇಕು. ಅಷ್ಟು ದಿನವೂ ಅಪ್ಪ ಅವಳಿಗೆ ಕಥೆಯ ಒಂದು ಎಳೆಯನ್ನೂ ಬಿಟ್ಟುಕೊಡುವುದಿಲ್ಲವಂತೆ. ಅವಳು ಕೇಳಿದರೂ "ಚೆನ್ನಾಗಿದೆ ಪುಟ್ಟಿ" ಎಂದಷ್ಟೇ. ಅವಳು ನೋಡುವ ದಿನ ವಿಡಿಯೋ ಕರೆ ಹಾಕಿಸಿಕೊಂಡು, ಫೋನನ್ನು ಸಕ್ಕರೆ ಡಬ್ಬಕ್ಕೆ ಆನಿಸಿ, ಪೂರ್ತಿ ಎರಡೂವರೆ ಗಂಟೆ ತುಟಿ ಬಿಚ್ಚದೆ ಅವಳ ಮುಖ ನೋಡುತ್ತ ಕೂರುತ್ತಾರಂತೆ.

ಅಂದರೆ ಈ ಮನುಷ್ಯನಿಗೆ ಬಾಯಿ ಮುಚ್ಚಿಕೊಂಡಿರಲು ಬರುತ್ತದೆ! ಮಾರನೇ ಬೆಳಿಗ್ಗೆ ಕೆರೆ ಏರಿಯ ಮೇಲೆ ನೇರವಾಗಿಯೇ ಕೇಳಿದೆ. "ಮಗಳಿಗೆ ಹೇಳಲ್ಲ, ನಮಗ್ಯಾಕೆ ರಾಯರೇ ಈ ಶಿಕ್ಷೆ?"

"ಅವಳು ಹೇಗೂ ನೋಡ್ತಾಳೆ ಕಣ್ರೀ," ಎಂದರು ರಾಯರು. "ನೀವು ನೋಡೋ ಪೈಕಿ ಅಲ್ಲ. ಅದಿರ್ಲಿ, ನಿನ್ನೆದು ಹೇಳ್ತೀನಿ ಕೇಳಿ. ಆ ಡಾಕ್ಟ್ರು ಇದಾನಲ್ಲ, ಅವನು ಡಾಕ್ಟ್ರೇ ಅಲ್ಲ."