ಬೆಕ್ಕಿನಮ್ಮನವರಿಗೊಂದು ಬಿನ್ನವತ್ತಳೆ

ವೇದಿಕೆಯ ಮೇಲಿನ ಗಣ್ಯರೇ, ಬೋಂಡದ ವಾಸನೆ ಹಿಡಿದು ಬಂದು ಕೂತಿರುವ ರಸಿಕರೇ, ಕಾಂಪೌಂಡ್ ಗೋಡೆಯ ಮೇಲೆ ನಮಗೆ ಬೆನ್ನು ಹಾಕಿ ಕೂತಿರುವ ಫಲಾನುಭವಿಗಳೇ,

ಬೆಂಗಳೂರಿನ ಈ ನಮ್ಮ ಬಡಾವಣೆಯಲ್ಲಿ ನಿವಾಸಿಗಳ ಸಂಘವು ವರ್ಷಾನುಗಟ್ಟಲೆ ಏನೂ ಮಾಡದೆ ಕಾಪಾಡಿಕೊಂಡು ಬಂದ ಸಮಸ್ಯೆಯೊಂದನ್ನು ಯಾರ ಅಪ್ಪಣೆಯನ್ನೂ ಕೇಳದೆ ಹಾಳುಗೆಡವಿದ ಬೆಕ್ಕಿನಮ್ಮನವರನ್ನು ಸನ್ಮಾನಿಸಲು ಹರ್ಷಿಸುತ್ತೇನೆ. ಅವರ ನಿಜನಾಮಧೇಯ ಸಂಘದ ಕಡತದಲ್ಲಿಲ್ಲ. ಅವರ ಮೇಲಿನ ದೂರುಗಳಿವೆ, ಅವುಗಳಲ್ಲೆಲ್ಲ ‘ಆ ಬೆಕ್ಕಿನ ಹೆಂಗಸು’ ಎಂದಿದೆ. ಇವತ್ತು ಶಾಲು ಹೊದಿಸುವುದರಿಂದ ‘ಅಮ್ಮನವರು’ ಎಂದು ಬಡ್ತಿ ಕೊಟ್ಟಿದ್ದೇವೆ.

ಬೆಕ್ಕು ಸಾಕುವ ಪರಂಪರೆ ನಮ್ಮಲ್ಲಿ ದೊಡ್ಡದು. ಇಲಿಕಾಟ ತಡೆಯಲು ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಬೆಕ್ಕಿಗೊಂದು ಹಸು ಕೊಟ್ಟನಂತೆ. ತೆನಾಲಿ ರಾಮಕೃಷ್ಣನ ಬೆಕ್ಕು ಮಾತ್ರ ಹಾಲು ಕಂಡರೆ ಓಟ ಕಿತ್ತಿತಂತೆ. ನಾವೆಲ್ಲ ನಕ್ಕೆವು, ಅಮ್ಮನವರು ನಗಲಿಲ್ಲ. ಬೆಳೆದ ಬೆಕ್ಕುಗಳಲ್ಲಿ ಬಹುಪಾಲಿಗೆ ಹಾಲು ಅರಗುವುದಿಲ್ಲ, ಭೇದಿ ಹತ್ತುತ್ತದೆ, ಆ ಬೆಕ್ಕೇ ಬುದ್ಧಿವಂತ ಎಂದುಬಿಟ್ಟರು. ದಿನಾ ಗೇಟಿನ ಮುಂದೆ ಹಾಲನ್ನ ಸುರಿದು ಪುಣ್ಯ ಕಟ್ಟಿಕೊಳ್ಳುತ್ತಿದ್ದ ನಮ್ಮ ಖಜಾಂಚಿಗಳು ಅಂದಿನಿಂದ ಅವರೊಡನೆ ಮಾತು ಬಿಟ್ಟಿದ್ದಾರೆ.

ಈ ಸನ್ಮಾನ ಊಟ ಹಾಕಿದ್ದಕ್ಕಲ್ಲ, ಬೋನು ಇಟ್ಟಿದ್ದಕ್ಕೆ. ಹೆಣ್ಣುಬೆಕ್ಕು ಐದು ತಿಂಗಳಿಗೇ ಗಬ್ಬವಾಗಬಲ್ಲದು, ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ. ನಮ್ಮ ಸಂಘದಲ್ಲಿ ಒಂದು ಠರಾವು ಪಾಸಾಗುವಷ್ಟರಲ್ಲಿ ಅದು ಅಜ್ಜಿಯಾಗಿರುತ್ತದೆ. ಅಮ್ಮನವರು ಠರಾವಿಗೆ ಕಾಯಲಿಲ್ಲ. ಹಿಂದಿನ ದಿನವೇ ಊಟ ನಿಲ್ಲಿಸಿ, ಮುಸ್ಸಂಜೆಗೆ ಬೋನಿನೊಳಗೆ ಮೀನಿಟ್ಟು, ಕಾರಿನ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತರು. ಆ ಹೊತ್ತಿಗೆ ಸರಿಯಾಗಿ ‘ಏನ್ರೀ, ಬಿತ್ತಾ?’ ಎಂದು ಕೂಗಿ ಸಹಕರಿಸಿದ ವಾಕಿಂಗ್ ಮಿತ್ರರನ್ನು ಇಲ್ಲಿ ಸ್ಮರಿಸುತ್ತೇನೆ. ಬಾಗಿಲು ಬಿದ್ದೊಡನೆ ಬೋನಿನ ಮೇಲೆ ಹಳೇ ಬೆಡ್‌ಶೀಟು ಹೊದಿಸುತ್ತಾರೆ, ಕತ್ತಲಾದರೆ ಬೆಕ್ಕಿನ ಗಾಬರಿ ಇಳಿಯುತ್ತದೆ. ನಮ್ಮ ವಾರ್ಷಿಕ ಮಹಾಸಭೆಗೂ ಅಂಥದ್ದೊಂದು ಬೆಡ್‌ಶೀಟು ಮಂಜೂರಾಗಲಿ. ಆಮೇಲೆ ಸಂತಾನಹರಣ ಆಪರೇಷನ್ನು, ರೇಬೀಸ್ ಲಸಿಕೆ. ಅದೇ ಮತ್ತಿನಲ್ಲಿರುವಾಗ ಎಡಗಿವಿಯ ತುದಿಯನ್ನು ಒಂದಿಷ್ಟು ಕತ್ತರಿಸುತ್ತಾರೆ. ಆದದ್ದಕ್ಕೇ ಮತ್ತೆ ಆಪರೇಷನ್ ಆಗದಿರಲೆಂದು ಅದು ಗುರುತು. ಚೇತರಿಸಿಕೊಂಡ ಮೇಲೆ ಹಿಡಿದ ಜಾಗದಲ್ಲೇ ಬಿಡುವುದು.

‘ಮತ್ತೆ ಇಲ್ಲಿಗೇ ಯಾಕೆ ತಂದ್ರಿ?’ ಎಂದು ನಮ್ಮ ಮಾಜಿ ಅಧ್ಯಕ್ಷರು ಗುಡುಗಿದ್ದುಂಟು. ತಮ್ಮ ಕಾಲದಲ್ಲಿ ಅವರು ಬೆಕ್ಕುಗಳನ್ನು ಗೋಣಿಚೀಲದಲ್ಲಿ ತುಂಬಿ ದೂರದ ಮಾರ್ಕೆಟ್ಟಿಗೆ ಸಾಗಿಸಿದ್ದರು. ಖಾಲಿಯಾದ ಜಾಗಕ್ಕೆ ಪಕ್ಕದ ಬೀದಿಯ ಗಡವ ಬೆಕ್ಕುಗಳು ಬಂದು, ಮೊದಲು ಅವರದೇ ಸ್ಕೂಟರ್ ಸೀಟಿಗೆ ಮೂತ್ರ ಚಿಮುಕಿಸಿ ಗೃಹಪ್ರವೇಶ ಮಾಡಿದವು. ಈಗ ಇರುವವು ಕಿವಿತುದಿ ಕಳೆದುಕೊಂಡು, ರಾತ್ರಿಯ ಕಾಳಗವನ್ನೂ ಬಹುಮಟ್ಟಿಗೆ ಬಿಟ್ಟು, ಗೋಡೆ ಕಾಯುತ್ತಿವೆ.

2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಸಮುದಾಯ ಪ್ರಾಣಿಗಳ ಊಟಕ್ಕೆ ಏರ್ಪಾಡು ಮಾಡಬೇಕಾದದ್ದು ನಿವಾಸಿಗಳ ಸಂಘವೇ. ಇದನ್ನು ಓದಿದ ಕೂಡಲೇ ಆ ಹೊಣೆಯನ್ನು ಸರ್ವಾನುಮತದಿಂದ ಅಮ್ಮನವರಿಗೆ ವಹಿಸಿದೆವು. ಅದು ಅವರಿಗೆ ಈಗಷ್ಟೇ ತಿಳಿಯುತ್ತಿದೆ.

ಆಪರೇಷನ್ನಿನ ಬಿಲ್ಲುಗಳನ್ನು ಅವರು ತಮ್ಮ ಪಿಂಚಣಿಯಿಂದ ಕಟ್ಟಿದ್ದಾರೆ. ಸಂಘವೂ ಹಿಂದೆ ಬಿದ್ದಿಲ್ಲ. ಶಾಲು, ಹಾರ, ಮೈಸೂರು ಪೇಟ, ನಮ್ಮೆಲ್ಲರ ಭಾವಚಿತ್ರವಿರುವ ಫ್ಲೆಕ್ಸು, ಎಲ್ಲದರ ವೆಚ್ಚ ಭರಿಸಿದೆ. ಆ ದುಡ್ಡಲ್ಲಿ ಇನ್ನೆರಡು ಬೆಕ್ಕಿಗೆ ಆಪರೇಷನ್ ಆಗುತ್ತಿತ್ತು ಎಂದು ಅಮ್ಮನವರು ಈಗಷ್ಟೇ ನನ್ನ ಕಿವಿಯಲ್ಲಿ ಹೇಳಿದರು. ಅವರ ವಿನಯಕ್ಕೆ ಚಪ್ಪಾಳೆ ಬರಲಿ.

ಕೊನೆಯದಾಗಿ ಅವರದೊಂದು ಕೋರಿಕೆ. ಹಾಲಿನ ಬೂತಿನ ಹಿಂದಿರುವ ಮೂರು ಬಣ್ಣದ ಬೆಕ್ಕು ಇನ್ನೂ ಬೋನಿಗೆ ಬಿದ್ದಿಲ್ಲ. ಮೂರು ಬಣ್ಣವೆಂದರೆ ಹೆಚ್ಚುಕಡಿಮೆ ಹೆಣ್ಣೇ. ಈ ಸಲದ ಮರಿಗಳು ಮೊಲೆ ಬಿಟ್ಟಿವೆ, ಮುಂದಿನ ಸೂಲಿಗೆ ಮೊದಲು ಹಿಡಿಯಬೇಕು. ಶನಿವಾರ ಸಂಜೆ ಬೋನು ಹೊರಲು ಇಬ್ಬರು, ಆಸ್ಪತ್ರೆಗೆ ಹೋಗಲು ಒಂದು ಕಾರು ಬೇಕು. ದೂರಿನ ಅರ್ಜಿಗೆ ಸಹಿ ಹಾಕಿದವರೆಲ್ಲ ಬೋಂಡದ ಸಾಲಿಗೆ ನಿಲ್ಲುವ ಮುಂಚೆ ಇಲ್ಲಿ ಬಂದು ಹೆಸರು ಬರೆಸಿ.