ನೇತ್ರಾಣಿಯ ಮೀನಿಗೆ ಮುರುಡೇಶ್ವರದ ಬನ್ಸ್

ನಾನು ಚಳ್ಳಕೆರೆ ಕಡೆಯವನು. ನಮ್ಮಲ್ಲಿ ನೀರು ಅಂದರೆ ಕೊಡದಲ್ಲಿ ಬರುವ ವಸ್ತು, ಇಳಿಯುವ ವಸ್ತುವಲ್ಲ. ಅಂಥ ನಾನು ಭಾವಮೈದನ ಮದುವೆ ಊಟದಲ್ಲಿ, ಮೂರನೇ ಹೋಳಿಗೆಯ ಹುಮ್ಮಸ್ಸಿಗೆ, "ಈ ಡಿಸೆಂಬರಿನಲ್ಲಿ ನೇತ್ರಾಣಿಗೆ ಹೋಗಿ ಮೀನುಗಳ ಜೊತೆ ಈಜ್ತೀನಿ" ಅಂದುಬಿಟ್ಟೆ. ತುಪ್ಪ ಬಡಿಸುತ್ತಿದ್ದವರ ಕೈ ಅಲ್ಲೇ ನಿಂತಿತು. ಹೆಂಡತಿ ಕುಮಟಾದವಳು, ಸಮುದ್ರ ಕಂಡು ಬೆಳೆದವಳು. "ರೀ, ನಿಮಗೆ ಈಜೇ ಬರಲ್ವಲ್ಲ" ಅಂದಳು, ಇಡೀ ಪಂಕ್ತಿಗೆ ಕೇಳುವ ಹಾಗೆ. ಅಷ್ಟು ಜನರ ಮುಂದೆ ಆಡಿದ ಮಾತನ್ನು ನುಂಗಿಕೊಳ್ಳುವುದು ಎಷ್ಟು ಕಷ್ಟ ಅಂತ ನಿಮಗೆ ನಾನೇನು ಹೇಳಬೇಕಾಗಿಲ್ಲ.

ಈಜು ಬರದಿದ್ದರೂ ನಡೆಯುತ್ತದೆ ಅಂತ ಡೈವಿಂಗಿನವರು ಫೋನಿನಲ್ಲೇ ಧೈರ್ಯ ಹೇಳಿದ್ದರು. ಹಾಗಾಗಿ ಒಂದು ಬೆಳಿಗ್ಗೆ ಮುರುಡೇಶ್ವರದಲ್ಲಿ ನಾಲ್ಕು ಬನ್ಸ್ ತಿಂದು ದೋಣಿ ಹತ್ತಿದೆ. ನಾಲ್ಕು ಯಾಕೆ ಅಂದರೆ, ಐದನೆಯದನ್ನು ಹೆಂಡತಿ ಕಿತ್ತುಕೊಂಡಳು. ನೇತ್ರಾಣಿ ಅಲ್ಲಿಂದ ಸುಮಾರು 19 ಕಿಲೋಮೀಟರ್, ನಡುಸಮುದ್ರದಲ್ಲಿ ಒಂಟಿ ಗುಡ್ಡ. ದಡದಲ್ಲಿ 123 ಅಡಿ ಎತ್ತರ ಕೂತಿದ್ದ ಶಿವ ಹೋಗ್ತಾ ಹೋಗ್ತಾ ದೇವರ ಗೂಡಿನ ವಿಗ್ರಹದಷ್ಟಾದ. ಆಮೇಲೆ ಅದೂ ಇಲ್ಲ. ಈ ದ್ವೀಪ ಮೇಲಿನಿಂದ ನೋಡಿದರೆ ಹೃದಯದ ಆಕಾರವಂತೆ. ನನ್ನ ಹೃದಯ ಅಷ್ಟರಲ್ಲಿ ಆಕಾರ ಬಿಟ್ಟಿತ್ತು.

ಲಂಗರು ಹಾಕಿದ ಮೇಲೆ ಹಾಕಿಕೊಳ್ಳಿ ಅಂತ ಒಂದು ವೆಟ್‌ಸೂಟ್ ಕೊಟ್ಟರು. ಒಂದೇ ದಿಂಬಿನ ಕವರಿಗೆ ಎರಡು ದಿಂಬು ತುರುಕಿ ನೋಡಿದ್ದೀರಾ? ಅದೂ ತೂಗಾಡುವ ಉಯ್ಯಾಲೆಯ ಮೇಲೆ ನಿಂತು? ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿ, ಜಿಪ್ಪನ್ನು ಹೊಕ್ಕಳಿಂದ ಗಂಟಲವರೆಗೆ ಎಳೆದು, ಗೆದ್ದೆ ಅಂತ ತಿರುಗಿದೆ. ಡೈವಿಂಗ್ ಕಲಿಸುವ ಹುಡುಗ ಬಹಳ ಮರ್ಯಾದೆಯಿಂದ, "ಸರ್, ಜಿಪ್ಪು ಬೆನ್ನಿಗೆ ಬರ್ಬೇಕು" ಅಂದ. ಬಿಚ್ಚಲು ಇಬ್ಬರು ಬೇಕಾದರು. ಒಬ್ಬ ಸೂಟು ಎಳೆಯಲು, ಇನ್ನೊಬ್ಬ ನಾನು ಅದರ ಜೊತೆಗೇ ಹೋಗದಂತೆ ಹಿಡಿದುಕೊಳ್ಳಲು.

ಸರಿಯಾಗಿ ಹಾಕಿಕೊಂಡಾಗ ರಬ್ಬರು ಹೊಟ್ಟೆಯನ್ನು ಒತ್ತಿತು. ಕೆಳಗಿನಿಂದ ಅಲೆ, ಮೇಲಿನಿಂದ ಬಿಸಿಲು, ನಡುವೆ ನಾಲ್ಕು ಬನ್ಸ್. ದೋಣಿಯ ಅಂಚು ಹಿಡಿದು ಬಾಗಿದೆ. ಆಮೇಲಿನದನ್ನು ವಿವರಿಸುವುದಿಲ್ಲ, ನೀವು ಊಟಕ್ಕೆ ಕೂತಿರಬಹುದು. ಆದರೆ ಅರೆಗಳಿಗೆಯಲ್ಲಿ ನೀರಿನಡಿಯಿಂದ ಹಳದಿ, ನೀಲಿ, ಬೆಳ್ಳಿ ಬಣ್ಣದ ಮೀನುಗಳು ಮದುವೆಗೆ ಬಂದ ನೆಂಟರ ಹಾಗೆ ಹಿಂಡುಹಿಂಡಾಗಿ ಮೇಲೆ ಬಂದವು. ದೋಣಿಯ ಜನವೆಲ್ಲ ನನ್ನ ಕಡೆಗೇ ನುಗ್ಗಿ, ಮೊಬೈಲು ಹಿಡಿದು, "ಸೂಪರ್!" ಅಂತ ಕೂಗಿತು. ಎಂಟು ವರ್ಷದ ಒಂದು ಪುಟ್ಟಿ ಚಪ್ಪಾಳೆ ತಟ್ಟಿದಳು. ಡೈವಿಂಗಿಗೆ 10 ವರ್ಷ ತುಂಬಿರಬೇಕು. ಪಾಪ, ಅವಳಿಗೆ ದೋಣಿಯಿಂದ ಕಂಡಷ್ಟೇ ಲಾಭ.

ಆಮೇಲೆ ನನ್ನ ಸೊಂಟಕ್ಕೆ ಸೀಸದ ತುಂಡುಗಳ ಬೆಲ್ಟ್ ಬಿಗಿದರು. ರಬ್ಬರು ತೇಲುತ್ತದೆ, ಮುಳುಗಲು ತೂಕ ಬೇಕು ಅಂತ ಕಾರಣ ಕೊಟ್ಟರು. ಈಜು ಬಾರದವನ ಸೊಂಟಕ್ಕೆ ಸೀಸ ಕಟ್ಟಿ ಸಮುದ್ರಕ್ಕೆ ತಳ್ಳುವುದನ್ನು ನಮ್ಮೂರಲ್ಲಿ ಬೇರೆ ಹೆಸರಿನಿಂದ ಕರೆಯುತ್ತಾರೆ. ನೀರಿನಲ್ಲಿ ಮಾತಿಲ್ಲ, ಕೈಸನ್ನೆ ಮಾತ್ರ. ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಿದರೆ ಎಲ್ಲ ಸರಿ ಅಂತ. ಹೆಬ್ಬೆರಳು ಎತ್ತಿದರೆ ಮೇಲಕ್ಕೆ ಹೋಗೋಣ ಅಂತ. ಮೂರು ಸಲ ಹೇಳಿಕೊಟ್ಟರು, ಮೂರು ಸಲವೂ ತಲೆಯಾಡಿಸಿದೆ.

ಇಪ್ಪತ್ತು ಅಡಿ ಕೆಳಗೆ ಮೊದಲ ಗಿಳಿಮೀನು ಕಂಡಿತು. ಗಿಳಿಯ ಕೊಕ್ಕಿನಂಥ ಬಾಯಲ್ಲಿ ಬಂಡೆಯನ್ನು ಕೆರೆಯುತ್ತಿತ್ತು, ಹುರಿಗಡಲೆ ಅಗಿದ ಹಾಗೆ ಕರಕರ ಸದ್ದು. ಸಂತೋಷ ತಡೆಯದೆ ಹೆಬ್ಬೆರಳು ಎತ್ತಿದೆ. ಹುಡುಗ ನನ್ನನ್ನು ಮೇಲಕ್ಕೆ ಕರೆತಂದ. "ಏನಾಯ್ತು ಸರ್?" "ಏನಿಲ್ಲಪ್ಪ, ಚೆನ್ನಾಗಿದೆ ಅಂದೆ." ಮತ್ತೆ ಇಳಿದೆವು. ಚಿಟ್ಟೆಮೀನು ಬಂತು. ಮತ್ತೆ ಹೆಬ್ಬೆರಳು. ಮತ್ತೆ ಮೇಲೆ. ಲಿಫ್ಟಿನ ಗುಂಡಿ ಒತ್ತುವ ಮಗುವಿನ ಅಪ್ಪನ ತಾಳ್ಮೆ ಆ ಹುಡುಗನಿಗಿತ್ತು.

ಮೂರನೇ ಸಲ ಇಳಿದಾಗ ಆಯತಪ್ಪಿ, ಮುಟ್ಟಬಾರದು ಅಂದಿದ್ದ ಬಂಡೆಯ ಕಡೆಗೇ ವಾಲಿದೆ. ಅಲ್ಲಿ ಸಾರ್ಜೆಂಟ್ ಮೇಜರ್ ಅನ್ನುವ ಮೀನಿತ್ತು. ಹಳದಿ ಬೆನ್ನು, ಮೈಮೇಲೆ ಐದು ಕಪ್ಪು ಪಟ್ಟೆ. ಹೆಸರು ಬಂದದ್ದೇ ಆ ಪಟ್ಟೆಯಿಂದ. ಬಂಡೆಗೆ ಅಂಟಿದ ಮೊಟ್ಟೆ ಕಾಯುವುದು ಈ ಜಾತಿಯಲ್ಲಿ ಗಂಡಿನ ಕೆಲಸ. ಸಾರ್ಜೆಂಟರು ನೇರವಾಗಿ ಬಂದು ನನ್ನ ಮಾಸ್ಕಿನ ಗಾಜಿಗೆ ಟಣ್ಣನೆ ಗುದ್ದಿದರು. ನೀರಿನೊಳಗೆ ಮಾಸ್ಕಿನಿಂದ ನೋಡಿದರೆ ಎಲ್ಲವೂ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ. ಭಯ ಉಳಿದದ್ದನ್ನು ಸೇರಿಸಿತು. ಅಂಗೈಯಗಲದ ಮೀನು ನನ್ನ ಕಣ್ಣಿಗೆ ಎಮ್ಮೆಕರುವಿನಷ್ಟಿತ್ತು. ಬೇತಾಳನ ಹಾಗೆ ಹುಡುಗನ ಬೆನ್ನೇರಿದೆ. ಆ ಗಡಿಬಿಡಿಯಲ್ಲಿ ಎಡಗಾಲಿನ ಫಿನ್ ಕಳಚಿ ಹೋಯಿತು.

ಒಂದೇ ಫಿನ್ ಇದ್ದವನು ಎಷ್ಟು ಒದ್ದರೂ ಮುಂದೆ ಹೋಗುವುದಿಲ್ಲ, ಬುಗುರಿಯ ಹಾಗೆ ಗಿರಕಿ ಹೊಡೆಯುತ್ತಾನೆ. ಸರಿಯಾಗಿ ಆ ಹೊತ್ತಿಗೆ, ಇಡೀ ದೋಣಿ ಹಂಬಲಿಸಿ ಬಂದಿದ್ದ ಕಡಲಾಮೆ ಬಂತು. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ, ದೂರ ಕಾಯ್ದುಕೊಳ್ಳಿ ಅಂತ ದೋಣಿಯಲ್ಲಿ ಎಚ್ಚರಿಸಿದ್ದರು. ಆ ಜವಾಬ್ದಾರಿಯನ್ನು ಆಮೆಯೇ ವಹಿಸಿಕೊಂಡಿತು. ಮೊದಲ ಸುತ್ತಿಗೆ ತಲೆ ಕಂಡೆ, ಎರಡನೇ ಸುತ್ತಿಗೆ ಚಿಪ್ಪು, ಮೂರನೆಯದಕ್ಕೆ ಬಾಲ. ಆಹಾ ಅನ್ನಿಸಿತು. ಕೈ ನನ್ನ ಮಾತು ಕೇಳಲಿಲ್ಲ. ಹೆಬ್ಬೆರಳು ತಾನಾಗಿಯೇ ಎದ್ದಿತು.

ಈ ಸಲ ಹುಡುಗ ಏನೂ ಕೇಳಲಿಲ್ಲ. ಸೀದಾ ದೋಣಿಗೆ ಹತ್ತಿಸಿ, ಟವೆಲ್ ಹೊದಿಸಿ, ಫಿನ್ ಹುಡುಕಲು ಮತ್ತೆ ಮುಳುಗಿದ. ಹೆಂಡತಿ, "ಎಷ್ಟು ಬೇಗ ಬಂದ್ರಿ!" ಅಂದಳು. ನಾನು ದ್ವೀಪದ ಪಾರಿವಾಳಗಳನ್ನು ಲೆಕ್ಕ ಹಾಕತೊಡಗಿದೆ. ಪಕ್ಕದಲ್ಲಿ ಯಾರೋ ತೋಳು ಜಗ್ಗಿದ ಹಾಗಾಯಿತು. ಪುಟ್ಟಿ. ಅವಳ ಕೈಯಲ್ಲಿ ಪೇಪರಿನಲ್ಲಿ ಸುತ್ತಿದ, ಎಣ್ಣೆ ಜಿನುಗುವ ಒಂದು ಬನ್ಸ್ ಇತ್ತು.

"ಅಂಕಲ್, ಇದನ್ನ ತಿನ್ನಿ. ಇನ್ನೊಂದ್ಸಲ ಮೀನು ಕರೀರಿ."