ದಂಡಪ್ರಾಪ್ತಿ ಮೀಮಾಂಸೆ: ರೋಹಿಣಿ ಪ್ರಕರಣ

ಬಲಿಷ್ಠ ರಾಜಕೀಯ ನಾಯಕರನ್ನು ಕ್ರಿಮಿನಲ್ ಮೊಕದ್ದಮೆಯ ಮೂಲಕ ಹೊಣೆಗಾರರನ್ನಾಗಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ಪೂರ್ವಪಕ್ಷವು, ಎಂದರೆ ಖಂಡಿಸುವ ಸಲುವಾಗಿಯೇ ಮೊದಲು ಮಂಡಿಸಲಾಗುವ ಎದುರಾಳಿಯ ವಾದವು, ಸಾಧ್ಯವಿಲ್ಲವೆಂದೇ ಉತ್ತರಿಸುತ್ತದೆ. ಚಹಾದಂಗಡಿಗಳಲ್ಲಿ ಈ ಪಕ್ಷಕ್ಕೆ ಸದಾ ಬಹುಮತ. ಇದರ ಖಂಡನೆಗೆ ಬೇಕಾದ ದೃಷ್ಟಾಂತವು ದೆಹಲಿಯ ರೋಹಿಣಿ ನ್ಯಾಯಾಲಯದಲ್ಲಿ ಲಭ್ಯವಿದೆ.

ಹರಿಯಾಣದಲ್ಲಿ 1999–2000ರ ಅವಧಿಯಲ್ಲಿ 3,206 ಪ್ರಾಥಮಿಕ ಶಾಲಾ ಶಿಕ್ಷಕರನ್ನು ನೇಮಿಸುವಾಗ ಸಂದರ್ಶನದ ಅಸಲಿ ಅಂಕಪಟ್ಟಿಗಳು ಮರೆಯಾಗಿ ನಕಲಿ ಪಟ್ಟಿಗಳು ಅವುಗಳ ಸ್ಥಾನವನ್ನು ಅಲಂಕರಿಸಿದ ಪ್ರಕರಣದಲ್ಲಿ, ವಿಶೇಷ ಸಿಬಿಐ ನ್ಯಾಯಾಲಯವು 2013ರ ಜನವರಿ 16ರಂದು ಮಾಜಿ ಮುಖ್ಯಮಂತ್ರಿ ಓಂ ಪ್ರಕಾಶ್ ಚೌಟಾಲಾ ಮತ್ತು ಅವರ ಮಗ ಅಜಯ್ ಚೌಟಾಲಾ ಸೇರಿದಂತೆ 55 ಜನರನ್ನು ದೋಷಿಗಳೆಂದು ಸಾರಿ, 22ರಂದು ತಂದೆಗೂ ಮಗನಿಗೂ ತಲಾ 10 ವರ್ಷಗಳ ಸೆರೆವಾಸ ವಿಧಿಸಿತು. ಅಕ್ರಮದ ವಿಷಯವನ್ನು ಸುಪ್ರೀಂ ಕೋರ್ಟಿಗೆ ಒಯ್ದಿದ್ದ ಐಎಎಸ್ ಅಧಿಕಾರಿ ಸಂಜೀವ್ ಕುಮಾರ್ ಅವರಿಗೂ ಅಷ್ಟೇ ಶಿಕ್ಷೆ ಬಡಿಸಲಾದುದರಿಂದ ದಂಡನೀತಿಯಲ್ಲಿ ಪಂಕ್ತಿಭೇದವಿಲ್ಲವೆಂಬುದು ನಿರ್ವಿವಾದ. ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವುದನ್ನು ತರ್ಕಶಾಸ್ತ್ರವು ಅನುಮಾನಪ್ರಮಾಣವೆನ್ನುತ್ತದೆ; ಅಂದು ನ್ಯಾಯಾಲಯದ ಹೊರಗೆ ಕಲ್ಲು ತೂರುತ್ತಿದ್ದ ಬೆಂಬಲಿಗರ ಮೇಲೆ ಪೊಲೀಸರು ಸಿಡಿಸಿದ ಅಶ್ರುವಾಯುವಿನ ಹೊಗೆಯಿಂದ, ಒಳಗೆ ಹೊಣೆಗಾರಿಕೆಯು ಪ್ರಜ್ವಲಿಸುತ್ತಿದೆಯೆಂದು ರೋಹಿಣಿಯ ನಿವಾಸಿಗಳು ಶಾಸ್ತ್ರಸಮ್ಮತವಾಗಿಯೇ ಊಹಿಸಬಹುದಾಗಿತ್ತು.

ಆದರೆ ದಂಡಪ್ರಾಪ್ತಿಗೆ ಅಪರಾಧಿಯು ಅಲ್ಲಿಯವರೆಗೆ ಬದುಕಿರತಕ್ಕದ್ದೆಂಬ ಉಪಾಧಿಯುಂಟು. ತಮಿಳುನಾಡಿನ ಮುಖ್ಯಮಂತ್ರಿ ಜಯಲಲಿತಾ ಬೆಂಗಳೂರಿನ ಪರಪ್ಪನ ಅಗ್ರಹಾರದಲ್ಲಿ 2014ರಲ್ಲಿ ಶಿಕ್ಷೆಗೊಳಗಾಗಿ, 2015ರಲ್ಲಿ ಹೈಕೋರ್ಟಿನಿಂದ ಖುಲಾಸೆಯಾದರು. ಸುಪ್ರೀಂ ಕೋರ್ಟು ಆ ಖುಲಾಸೆಯನ್ನು 2017ರ ಫೆಬ್ರವರಿಯಲ್ಲಿ ರದ್ದುಪಡಿಸಿದಾಗ ಅವರು ತೀರಿಕೊಂಡು ಎರಡು ತಿಂಗಳು ಕಳೆದಿದ್ದವು. ಚೌಟಾಲಾ ಈ ವಿಷಯದಲ್ಲಿ ನ್ಯಾಯಾಂಗದೊಡನೆ ಪೂರ್ಣವಾಗಿ ಸಹಕರಿಸಿ, ಶಿಕ್ಷೆಯಾಗುವವರೆಗೆ 78 ವರ್ಷ ಬಾಳಿದ್ದಷ್ಟೇ ಅಲ್ಲದೆ, 2022ರಲ್ಲಿ ಅಕ್ರಮ ಆಸ್ತಿಯ ಮೊಕದ್ದಮೆಯಲ್ಲಿ ಇನ್ನೊಮ್ಮೆ ದೋಷಿಯೆನಿಸಿಕೊಳ್ಳಲೂ ಉಳಿದಿದ್ದರು. ಸೆರೆವಾಸವು ಮನಃಪರಿವರ್ತನೆ ತರುವುದೋ ಇಲ್ಲವೋ, ವಿದ್ಯೆಯನ್ನಂತೂ ತರುತ್ತದೆ: ಶಿಕ್ಷಕರ ನೇಮಕದಲ್ಲಿ ಜೈಲು ಸೇರಿದ ಈ ವಯೋವೃದ್ಧರು ತಿಹಾರ್‌ನಲ್ಲಿದ್ದುಕೊಂಡೇ ಶಾಲಾ ಪರೀಕ್ಷೆಗಳಿಗೆ ಕುಳಿತರು, ಮತ್ತು ಬಿಡುಗಡೆಯಾದ ಮೇಲೆ 2021ರಲ್ಲಿ ಬಾಕಿಯಿದ್ದ ಹತ್ತನೆಯ ತರಗತಿಯ ಇಂಗ್ಲಿಷ್ ಪತ್ರಿಕೆಯನ್ನು ಬರೆದು 88 ಅಂಕ ಪಡೆದರು. ಈ ಅಂಕಪಟ್ಟಿಯ ಬಗ್ಗೆ ಯಾರೂ ಸಿಬಿಐಗೆ ಮೊರೆಹೋಗಲಿಲ್ಲ.

ಇಷ್ಟರಿಂದ ವ್ಯಕ್ತಿಯು ದಂಡ್ಯನೆಂದು ಸಿದ್ಧವಾಯಿತಾದರೂ ಮನೆತನವು ದಂಡ್ಯವೇ ಎಂಬ ತೊಡಕು ಉಳಿಯುತ್ತದೆ. ಕಾನೂನು ಸಹಿ ಹಾಕಿದ ಕೈಯನ್ನು ಹಿಡಿಯಬಲ್ಲುದೇ ಹೊರತು, ಮತದಾರರು ಮೊಮ್ಮಗನಿಗೆ ಕೊಡುವ ಮತವನ್ನು ಹಿಡಿಯಲಾರದು. ಅಜಯ್ ಅವರ ಮಗ ದುಷ್ಯಂತ್ ಚೌಟಾಲಾ 2019ರ ಅಕ್ಟೋಬರ್ 27ರಂದು ಹರಿಯಾಣದ ಉಪಮುಖ್ಯಮಂತ್ರಿಯಾದರು. ಅದೇ ದಿನ ತಂದೆಯೂ ಫರ್ಲೋ ಮೇಲೆ, ಎಂದರೆ ಸನ್ನಡತೆಯ ಕೈದಿಗೆ ಸಲ್ಲುವ ರಜೆಯ ಮೇಲೆ, ಎರಡು ವಾರಗಳ ಮಟ್ಟಿಗೆ ತಿಹಾರ್‌ನಿಂದ ಹೊರಬಂದು ಪ್ರಮಾಣವಚನಕ್ಕೆ ಹಾಜರಾದರು. ಸನ್ನಡತೆಯು ಸಮಾರಂಭದ ಮುಹೂರ್ತಕ್ಕೆ ಸರಿಯಾಗಿ ಪಕ್ವವಾದುದು ಕಾಕತಾಳೀಯವೋ ಕಾರ್ಯಕಾರಣವೋ ಎಂಬುದರಲ್ಲಿ ಟೀಕಾಕಾರರಿಗೆ ಒಮ್ಮತವಿಲ್ಲ.